ಕೇಕ್ ಒಯ್ಯುವ ಮೊದಲು ಚಪ್ಪಲಿಯ ಅಳತೆ ತಗೊಳ್ಳಿ

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಒಂದೇ ಮಾತು. ಈ ಸಲ ಯಾವ ಅನಾಥಾಶ್ರಮಕ್ಕೆ ಹೋಗೋಣ? ಕೆಲವು ವರ್ಷಗಳ ಹಿಂದೆ ನಾವೂ ಹೀಗೆಯೇ ಹೊರಟಿದ್ದೆವು. ಸಭೆಯ ಎಂಟು ಹೆಣ್ಣುಮಕ್ಕಳು, ಒಂದು ಟಂಟಂ, ಹನ್ನೆರಡು ಕಿಲೋ ಕೇಕ್. ಅಲ್ಲಿ ಅಡುಗೆ ಮಾಡುವ ಅಕ್ಕ ನಮ್ಮನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದರು. ಕೇಕಿನ ಡಬ್ಬಿಗಳು ಆಗಲೇ ಸಾಲಾಗಿ ಕೂತಿದ್ದವು. ಅಟ್ಟದ ತುಂಬ ಚಾದರ. "ನಿನ್ನೇನೂ ಕೇಕ್ ಬಂದಾವ್ರಿ ಅಕ್ಕಾರ, ಮೊನ್ನೇನೂ ಬಂದಾವ್ರಿ. ಜೂನ್‌ದಾಗ ಮಾತ್ರ ಯಾರೂ ಬರೂದಿಲ್ಲ ನೋಡ್ರಿ" ಅಂದರು. ಹೊರಗೆ ಬಂದಾಗ ಬಾಗಿಲ ಹತ್ತಿರ ಬಿಟ್ಟಿದ್ದ ಮಕ್ಕಳ ಚಪ್ಪಲಿ ಕಂಡವು. ಹವಾಯಿ ಚಪ್ಪಲಿಯ ಹರಿದ ಪಟ್ಟಿಗೆ ಪಿನ್ನು ಚುಚ್ಚಿ ನಿಲ್ಲಿಸಿದ್ದರು. ಒಂದು ಜೋಡಿಯಲ್ಲಿ ಎಡಗಾಲಿನದು ನೀಲಿ, ಬಲಗಾಲಿನದು ಕೆಂಪು.

ಅವತ್ತಿನಿಂದ ನಾವು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಕ್ರೈಸ್ತರಿಗೆ ಅಂತಲ್ಲ, ಯಾರು ಬೇಕಾದರೂ ಮಾಡಬಹುದು. ಆದರೆ ನಮ್ಮ ಊರುಗಳಲ್ಲಿ ಈ ಕೆಲಸಕ್ಕೂ ಸಭೆಗಳಿಗೂ ಹಳೆಯ ನಂಟಿದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಗದಗಿನ ಬೆಟಗೇರಿಗೆ ಬಂದರು. 1876-78ರ ಧಾತು-ಈಶ್ವರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಸಾಕಿದರು. ಆ ಮಕ್ಕಳಿಗೆ ವರ್ಷಕ್ಕೊಂದು ದಿನ ಊಟ ಹಾಕಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಮೊದಲು ಆಶ್ರಮ ಯಾವುದೆಂದು ನೋಡಿ

ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಮಕ್ಕಳ ಮನೆ ಆಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಿರಬೇಕು. ಸಭೆ ನಡೆಸಲಿ, ಮಠ ನಡೆಸಲಿ, ನಿಯಮ ಒಂದೇ. ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿದರೆ ಯಾವ ಸಂಸ್ಥೆಗೆ ನೋಂದಣಿ ಇದೆ ಎಂದು ಹೇಳುತ್ತಾರೆ. ಆಶ್ರಮದವರನ್ನೂ ನೇರವಾಗಿ ಕೇಳಿ, ಸಂಕೋಚ ಬೇಡ. ಸರಿಯಾಗಿ ನಡೆಸುವವರು ಪ್ರಮಾಣಪತ್ರವನ್ನು ಗೋಡೆಗೇ ಹಾಕಿರುತ್ತಾರೆ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಂದ ಎದ್ದು ಬನ್ನಿ.

ಎರಡನೆಯದು, ಬರಿಗೈಯಲ್ಲಿ ಹೋಗಿ

ಹೌದು, ಮೊದಲ ಸಲ ಏನೂ ಒಯ್ಯಬೇಡಿ. ಒಂದು ವಹಿ, ಒಂದು ಪೆನ್ನು ಸಾಕು. ಮೇಲ್ವಿಚಾರಕರ ಜೊತೆ ಮಾತಾಡಿ. ಆಮೇಲೆ ತಪ್ಪದೆ ಅಡುಗೆಯವರ ಜೊತೆ, ಬಟ್ಟೆ ಒಗೆಯುವವರ ಜೊತೆ ಮಾತಾಡಿ. ನಿಜವಾದ ಪಟ್ಟಿ ಸಿಗುವುದು ಅವರ ಬಾಯಲ್ಲಿ. ನಮ್ಮ ವಹಿಯ ಮೊದಲ ಪುಟದಲ್ಲಿ ಇದ್ದದ್ದು ಇಷ್ಟು: ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಹೇನಿನ ಔಷಧ, ಕಂಪಾಸ್ ಬಾಕ್ಸ್, ಮಿಕ್ಸರ್ ರಿಪೇರಿ, ಹವಾಯಿ ಚಪ್ಪಲಿ. ಸರ್ಕಾರಿ ಶಾಲೆಯಲ್ಲಿ ಶೂ ಕೊಡುತ್ತಾರೆ, ಹವಾಯಿ ಚಪ್ಪಲಿ ಕೊಡುವುದಿಲ್ಲ. ಇವುಗಳಲ್ಲಿ ಒಂದನ್ನೂ ಯಾರೂ ಹುಟ್ಟುಹಬ್ಬಕ್ಕೆ ತಂದುಕೊಡುವುದಿಲ್ಲ ಅಲ್ವಾ?

ಚಪ್ಪಲಿಗೆ ಅಂದಾಜು ನಡೆಯುವುದಿಲ್ಲ. ನಾವು ಹಳೆಯ ಪೇಪರ್ ನೆಲಕ್ಕೆ ಹಾಸಿ, ಒಂದೊಂದೇ ಮಗುವನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲ್‌ನಿಂದ ಕಾಲಿನ ಸುತ್ತ ಗೆರೆ ಎಳೆದೆವು. ಹೆಬ್ಬೆರಳಿನ ಹತ್ತಿರ ಪೆನ್ಸಿಲ್ ಬಂದಾಗ ಎಲ್ಲರಿಗೂ ಕಚಗುಳಿ. ಹೆಸರು ಬರೆಯದೆ ಒಂದು, ಎರಡು ಎಂದು ನಂಬರ್ ಹಾಕಿದೆವು. ಒಟ್ಟು ಮೂವತ್ತೆಂಟು ಕಾಗದದ ಕಾಲು ಕತ್ತರಿಸಿ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೋದೆವು. ಅಂಗಡಿಯವರು ಒಂದೊಂದು ಕಾಗದದ ಕಾಲನ್ನೂ ಚಪ್ಪಲಿ ಮೇಲಿಟ್ಟು ನೋಡಿದರು. ಇವು ಯಾರಿಗೆ ಅಂತ ಗೊತ್ತಾದ ಮೇಲೆ ಅವರೇ ಬೆಲೆ ಇಳಿಸಿದರು.

ಹಣದ ಲೆಕ್ಕ

ಒಬ್ಬರೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಹಣವೇ ಆಶ್ರಮಕ್ಕೆ ಜಾಸ್ತಿ ಆಸರೆ. ಇಪ್ಪತ್ತೈದು ಮನೆಯವರು ತಿಂಗಳಿಗೆ 200 ರೂಪಾಯಿ ಹಾಕಿದರೆ 5,000. ವರ್ಷಕ್ಕೆ 60,000 ಆಯಿತು. ಚರ್ಚಿನ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ ಹರಾಜು ಹಾಕಿ ಬಂದ ಹಣದಲ್ಲಿ ಒಂದು ಪಾಲು ಇದಕ್ಕೆಂದು ಮೊದಲೇ ತೆಗೆದಿಡಲು ಸಭೆಯ ಕಮಿಟಿಯನ್ನು ಕೇಳಿ. ಒಬ್ಬರು ಹಣ ಹಿಡಿಯಲಿ, ಇನ್ನೊಬ್ಬರು ಲೆಕ್ಕ ಬರೆಯಲಿ. ಇಬ್ಬರೂ ಒಂದೇ ಮನೆಯವರು ಬೇಡ.

ಕೊಡುವಾಗ ಚೆಕ್ ಅಥವಾ ಬ್ಯಾಂಕ್ ಮೂಲಕ ಸಂಸ್ಥೆಯ ಹೆಸರಿಗೇ ಕೊಡಿ, ರಸೀದಿ ತಗೊಳ್ಳಿ. 80ಜಿ ಎಂದು ಎಲ್ಲರೂ ಕರೆಯುವ ತೆರಿಗೆ ರಿಯಾಯಿತಿ ಬೇಕಿದ್ದರೆ 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ.

ವಿದೇಶದ ಹಣದ ವಿಷಯದಲ್ಲಿ ಜಾಗ್ರತೆ ಬೇಕು. ಹೊರದೇಶದವರು ಕೊಡುವ ಹಣ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇರಬೇಕು. ಆ ಹಣ ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಆದರೆ ಗಲ್ಫ್‌ನಲ್ಲಿ ದುಡಿಯುವ ನಿಮ್ಮ ತಮ್ಮನ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕವೇ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅವನ ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಂಡರೆ ಒಳ್ಳೆಯದು.

ಸಮಯ ಕೊಡುವವರಿಗೆ

ವಾರಕ್ಕೊಮ್ಮೆ ಲೆಕ್ಕ, ಇಂಗ್ಲಿಷ್ ಹೇಳಿಕೊಡಲು ಹೋಗುವುದಾದರೆ ಅದೇ ವ್ಯಕ್ತಿ ಅದೇ ದಿನ ಹೋಗಬೇಕು. ಎರಡು ವಾರ ಹೋಗಿ ಮೂರನೇ ವಾರ ತಪ್ಪಿಸಿದರೆ ಮಕ್ಕಳು ಗೇಟಿನ ಹತ್ತಿರವೇ ಕಾಯುತ್ತಾ ನಿಂತಿರುತ್ತಾರೆ. ನಮ್ಮಲ್ಲೊಬ್ಬರು ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಪ್ರತಿ ಶನಿವಾರ ಹೋಗುತ್ತಾರೆ. ಬರಲು ಆಗದಿದ್ದರೆ ಹಿಂದಿನ ವಾರವೇ ಹೇಳಿ ಬರುತ್ತಾರೆ. ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಕೂರಬೇಡಿ. ಬಾಗಿಲು ತೆರೆದಿರಲಿ, ಆಶ್ರಮದವರೊಬ್ಬರು ಹತ್ತಿರ ಇರಲಿ. "ನಿನ್ನ ಅಪ್ಪ-ಅಮ್ಮ ಎಲ್ಲಿ?" ಎಂದು ಕೇಳಲೇಬೇಡಿ.

ಫೋಟೊ ಬೇಡ. ಮಕ್ಕಳ ಗುರುತು ಬಹಿರಂಗ ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ. ಮೀರಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಆಗಬಹುದು. ಕಾನೂನು ಒತ್ತಟ್ಟಿಗಿರಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಾವೇ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇವಲ್ಲ.

ಇನ್ನೊಂದು ಮಾತು, ನಮ್ಮವರಿಗಾಗಿಯೇ. ಬಟ್ಟೆ ಚೀಲದೊಳಗೆ ಕರಪತ್ರ ಇಡಬೇಡಿ. ಊಟಕ್ಕೆ ಮೊದಲು ಪ್ರಾರ್ಥನೆಗೆ ಕೂರಿಸಬೇಡಿ. ಆ ಮಕ್ಕಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇದ್ದಾರೆ. ಅನ್ನದ ತಟ್ಟೆ ಹಿಡಿದ ಮಗುವಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಪ್ರಾರ್ಥನೆ ಮಾಡಿ, ನಿಮ್ಮ ಮನೆಯಲ್ಲಿ.

ಎಲ್ಲಕ್ಕಿಂತ ದೊಡ್ಡ ಕೆಲಸ

ಆಶ್ರಮದಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಇರುತ್ತಾರೆ. ಸಾಕಲಾಗದೆ ಬಿಟ್ಟಿರುತ್ತಾರೆ. ಮಗು ಮನೆ ಬಿಡದಂತೆ ನೋಡಿಕೊಂಡರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ವಿಧವೆಯಾಗಿದ್ದರೆ, ಗಂಡ ಬಿಟ್ಟಿದ್ದರೆ, ಇಲ್ಲವೇ ತಬ್ಬಲಿ ಮಗು ಬಂಧುಗಳ ಮನೆಯಲ್ಲಿದ್ದರೆ ಅರ್ಜಿ ಹಾಕಬಹುದು. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ಮೀರಿರಬಾರದು. ಅರ್ಜಿ ಹಾಕುವುದು ಅದೇ ಮಕ್ಕಳ ರಕ್ಷಣಾ ಘಟಕದಲ್ಲಿ.

ಹಣ ಇದೆ, ಆದರೆ ಕಾಗದ ಕೂಡಿಸುವುದೇ ಕಷ್ಟ. ಗದಗ ಕಡೆಯ ಒಬ್ಬ ಅಜ್ಜಿ, ಮೊಮ್ಮಗಳು ಆರನೇ ಇಯತ್ತೆ. ಮಗನ ಮರಣ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದು ಹೆಸರು. ನಮ್ಮಲ್ಲಿಬ್ಬರು ಆಕೆಯ ಜೊತೆ ನಾಡಕಚೇರಿಗೆ, ಬ್ಯಾಂಕಿಗೆ, ಮತ್ತೆ ನಾಡಕಚೇರಿಗೆ ಅಂತ ಐದು ಸಲ ಓಡಾಡಿದರು. ಅಜ್ಜಿ ಪ್ರತಿ ಸಲವೂ ಸೆರಗಿನ ಗಂಟಿನಿಂದ ಬಸ್ ಚಾರ್ಜು ತೆಗೆದು ಕೊಡಲು ಬರುತ್ತಿದ್ದರು. ನಮ್ಮ ಕಡೆಯಿಂದ ಖರ್ಚಾದದ್ದು ಝೆರಾಕ್ಸ್ ಮತ್ತು ಚಹಾದ ದುಡ್ಡು. ಹುಡುಗಿ ಅಜ್ಜಿಯ ಹತ್ತಿರವೇ ಉಳಿದಳು.

ಒಂಟಿ ಮಗು ಕಣ್ಣಿಗೆ ಬಿದ್ದರೆ ಏನು ಮಾಡಬೇಕೆಂಬುದೂ ಗೊತ್ತಿರಲಿ. ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಅದರ ಒಂದು ತುದಿಯಲ್ಲಿ ಕೂತು ಅಳುವ ಮಗು ಇನ್ನೊಂದು ತುದಿಗೆ ಕಾಣುವುದೇ ಇಲ್ಲ. ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಜೊತೆಗಿರಿ. ಗುರುತಿನ ಫಾದರ್ ಹತ್ತಿರ, ಸಿಸ್ಟರ್ ಹತ್ತಿರ ಸುಮ್ನೆ ಬಿಟ್ಟು ಬರಬೇಡಿ, ನಿಮ್ಮ ಮನೆಗೂ ಕರೆದೊಯ್ಯಬೇಡಿ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಎಲ್ಲಿರಬೇಕೆಂದು ತೀರ್ಮಾನಿಸುವವರು ಅವರೇ.

ಯಾವಾಗ ಏನು

ಮೇ ಎರಡನೇ ವಾರ ಕಾಲಿನ ಅಳತೆ, ವಹಿ ಮತ್ತು ಚೀಲದ ಲೆಕ್ಕ. ಶಾಲೆ ಶುರುವಾಗುವ ಮೊದಲೇ ಎಲ್ಲ ಕೈಸೇರಬೇಕು. ಜುಲೈಯಲ್ಲಿ ಬಟ್ಟೆ ಒಣಗುವುದಿಲ್ಲ, ಒಳ ಉಡುಪು ಎರಡು ಜೋಡಿ ಹೆಚ್ಚಿಗೆ ಬೇಕು. ಡಿಸೆಂಬರಿನಲ್ಲಿ ಬೇರೆಯವರು ಬರುತ್ತಾರೆ, ನೀವು ಹೋಗದಿದ್ದರೂ ನಡೆಯುತ್ತದೆ. ನವೆಂಬರಿನಲ್ಲಿ ಮಾತ್ರ ಪೇಪರ್, ಪೆನ್ಸಿಲ್ ಹಿಡಿದು ಇನ್ನೊಮ್ಮೆ ಹೋಗಿ. ಮೇ ತಿಂಗಳ ಕಾಗದದ ಕಾಲುಗಳನ್ನೂ ಒಯ್ಯಿರಿ. ಹದಿನೇಳನೇ ನಂಬರಿನ ಹುಡುಗನ ಹೆಬ್ಬೆರಳು ಕಳೆದ ಸಲ ಹಳೆಯ ಗೆರೆಯಿಂದ ಅರ್ಧ ಇಂಚು ಹೊರಗೆ ಬಂದಿತ್ತು.