ಹಳೇ ಲ್ಯಾಪ್‌ಟಾಪ್‌ನಲ್ಲಿ ಬಾಲ್ಡರ್ಸ್ ಗೇಟ್ 3: ಮೊದಲು ಬಿಸಿ ಇಳಿಸಿ, ಸೆಟ್ಟಿಂಗ್ ಆಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಇರೋದು ಒಂದೇ ಲ್ಯಾಪ್‌ಟಾಪ್. 2018ರಲ್ಲಿ ಕಾಲೇಜಿಗೆ ಅಂತ ಅಪ್ಪ ಕೊಡಿಸಿದ್ದು. ಇಂಟೆಲ್ ಐ5-7300ಎಚ್‌ಕ್ಯೂ, 4 ಜಿಬಿಯ ಜಿಟಿಎಕ್ಸ್ 1050 ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. 2024ರ ಏಪ್ರಿಲ್‌ನಲ್ಲಿ ಇದರಲ್ಲೇ ಬಾಲ್ಡರ್ಸ್ ಗೇಟ್ 3 ಆಡಬೇಕು ಅಂತ ಕೂತೆ. ಆ ಆಟಕ್ಕೆ ಕನಿಷ್ಠ ಜಿಟಿಎಕ್ಸ್ 970 ಬೇಕು, 8 ಜಿಬಿ ರ‍್ಯಾಮ್ ಬೇಕು, 150 ಜಿಬಿ ಜಾಗ ಬೇಕು, ಅದೂ ಹಾರ್ಡ್ ಡಿಸ್ಕ್‌ಗಿಂತ ವೇಗವಾಗಿ ಓದುವ ಎಸ್‌ಎಸ್‌ಡಿಯಲ್ಲಿ. ನನ್ನ ಕಾರ್ಡು 970ಕ್ಕಿಂತ ಕಡಿಮೆ ಶಕ್ತಿಯದ್ದು, ಎಸ್‌ಎಸ್‌ಡಿ ಇರಲೇ ಇಲ್ಲ.

ಮೊದಲ ವಾರ ಪೂರ್ತಿ ಆಟದ ಚಿತ್ರದ ಸೆಟ್ಟಿಂಗ್ ಇಳಿಸೋದರಲ್ಲೇ ಹೋಯಿತು. ನೆರಳು ಲೋ, ಟೆಕ್ಸ್ಚರ್ ಲೋ, ರೆಸಲ್ಯೂಶನ್ 720ಪಿ. ಶುರುವಿನ ಐದು ನಿಮಿಷ ಚೆನ್ನಾಗಿ ಓಡುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಸೆಕೆಂಡಿಗೆ 15 ಫ್ರೇಮಿಗೆ (ಚಿತ್ರಕ್ಕೆ) ಬೀಳುತ್ತಿತ್ತು. ಎಷ್ಟು ಇಳಿಸಿದರೂ ಅಷ್ಟೇ. ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿದಾಗ ಕಾರಣ ಸಿಕ್ಕಿತು. ಪ್ರೊಸೆಸರ್ 97 ಡಿಗ್ರಿ ಮುಟ್ಟಿತ್ತು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. 3 ಗಿಗಾಹರ್ಟ್ಸ್ ಮೇಲೆ ಓಡಬೇಕಾದ್ದು 2ಕ್ಕಿಂತ ಕೆಳಗೆ ಬಂದಿತ್ತು. ಹಾಗಿರುವಾಗ ನೆರಳು ಕಡಿಮೆ ಮಾಡಿ ಏನು ಪ್ರಯೋಜನ? ನಿಮ್ಮ ಆಟವೂ ಶುರುವಲ್ಲಿ ಚೆನ್ನಾಗಿದ್ದು ಆಮೇಲೆ ಕುಂಟುತ್ತಿದ್ದರೆ ಸೆಟ್ಟಿಂಗ್ ಮುಟ್ಟಬೇಡಿ, ಮೊದಲು ಉಷ್ಣಾಂಶ ನೋಡಿ.

ಮುಂಬೈನಲ್ಲಿ ಕಂಪ್ಯೂಟರ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ನಮ್ಮ ಕಡೆಯಿಂದ ದಾದರ್‌ಗೆ ಬಂದು, ವೆಸ್ಟರ್ನ್ ಲೈನ್‌ನ ಲೋಕಲ್ ರೈಲು ಹಿಡಿದು ಗ್ರಾಂಟ್ ರೋಡಲ್ಲಿ ಇಳಿಯೋದು. ಒಬ್ಬ ಅಂಗಡಿಯವನು ಮೆಷಿನ್ ತಿರುಗಿಸಿ ನೋಡಿ, "ಭಾಯಿ, ನಯಾ ಲೇ ಲೋ" ಅಂದ. ನಾನು ಹೊಸದು ತಗೊಳ್ಳಲಿಲ್ಲ. 500 ಜಿಬಿಯ ಸಾಟಾ ಎಸ್‌ಎಸ್‌ಡಿ ಒಂದು, 8 ಜಿಬಿಯ ಡಿಡಿಆರ್4 ರ‍್ಯಾಮ್ ಒಂದು, ಚಿಪ್‌ನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಥರ್ಮಲ್ ಪೇಸ್ಟ್‌ನ ಸಣ್ಣ ಟ್ಯೂಬ್ ಒಂದು, ಎಲ್ಲ ಸೇರಿ ಐದು ಸಾವಿರದ ಆಸುಪಾಸು ಆಯಿತು. ಐಸೊಪ್ರೊಪೈಲ್ ಆಲ್ಕೋಹಾಲ್ ಮನೆ ಹತ್ತಿರದ ಮೆಡಿಕಲ್‌ನಲ್ಲಿ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಬಿಚ್ಚಿದೆ. ಸ್ಕ್ರೂಗಳು ಎಲ್ಲಾ ಒಂದೇ ಉದ್ದ ಇರಲ್ಲ, ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಬೋರ್ಡಿಗೇ ಪೆಟ್ಟು. ಅದಕ್ಕೆ ಅಮ್ಮನ ಗುಳಿಯಪ್ಪದ ಕಾವಲಿ ಕೇಳಿದೆ. ಒಂದೊಂದು ಗುಳಿಗೆ ಒಂದೊಂದು ಮೂಲೆಯ ಸ್ಕ್ರೂ. "ಒಂದು ಸ್ಕ್ರೂನೂ ಅದರಲ್ಲಿ ಉಳಿಯಬಾರದು ಮಾರಾಯ, ಸಂಜೆ ಗುಳಿಯಪ್ಪ ಹುಯ್ಯಬೇಕು" ಅಂದರು ಅಮ್ಮ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಇದು ಮರೆಯಲೇಬಾರದು. ಬ್ಯಾಟರಿ ಉಬ್ಬಿದೆಯಾ ಅಂತಲೂ ನೋಡಿದೆ, ಉಬ್ಬಿರಲಿಲ್ಲ. ನಿಮ್ಮದು ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಬದಲಾಯಿಸಿ.

ಹೊರಗಿನಿಂದ ನೋಡಿದರೆ ಫ್ಯಾನ್ ಚೊಕ್ಕಟ. ಆದರೆ ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಬೂದು ಬಣ್ಣದ ಒಂದು ಪದರ ಕೂತಿತ್ತು, ಥೇಟ್ ಹಳೇ ಕಂಬಳಿಯ ತುಂಡಿನ ಹಾಗೆ. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಕಿತ್ತು ಬಂತು. ಆರು ವರ್ಷದ ಧೂಳು, ಹಾಸಿಗೆಯ ನೂಲು, ಕೂದಲು. ಗಾಳಿ ಹೊರಗೆ ಹೋಗುವ ದಾರಿಯೇ ಅದು, ಅದೇ ಮುಚ್ಚಿತ್ತು! ಉಳಿದ ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಹಳೇ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಂತೆ ಆಗಿತ್ತು. ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಚಿಪ್‌ನ ನಟ್ಟನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹನಿ ಇಟ್ಟೆ. ಬಿಸಿ ಎಳೆದುಕೊಳ್ಳಲು ಚಿಪ್ ಮೇಲೆ ಕೂರುವ ಲೋಹದ ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ನಂಬರ್ ಇದ್ದವು, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ಪೇಸ್ಟ್ ಸಮ ಹರಡಲ್ಲ.

ಮತ್ತೆ ಆನ್ ಮಾಡಿ ಆಟ ಹಾಕಿದಾಗ 97 ಇದ್ದದ್ದು 84ಕ್ಕೆ ಬಂತು. ಹಿಂಭಾಗದ ಎರಡು ಮೂಲೆಗೆ ನೀರಿನ ಬಾಟಲಿಯ ಮುಚ್ಚಳ ಕೊಟ್ಟು ಎತ್ತರಿಸಿದೆ, ಇನ್ನೂ 3 ಡಿಗ್ರಿ ಇಳಿಯಿತು. ಡೊಂಬಿವಲಿಯ ಮೇ ತಿಂಗಳ ಸೆಕೆಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ ಇದು. ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ 100 ಇರುತ್ತದೆ, ಅದನ್ನು 99 ಮಾಡಿದರೆ ಟರ್ಬೊ, ಅಂದರೆ ಪ್ರೊಸೆಸರ್ ತನ್ನ ಮೂಲ ವೇಗಕ್ಕಿಂತ ಮೇಲೆ ಓಡೋದು, ನಿಲ್ಲುತ್ತದೆ. ನನ್ನದು 2.5 ಗಿಗಾಹರ್ಟ್ಸ್‌ನಲ್ಲೇ ನಿಂತಿತು, ಬಿಸಿ 70ರ ಹತ್ತಿರ ಬಂತು. ಆಟದ ಕಥೆಯ ಮೊದಲ ಎರಡು ಅಂಕಗಳಿಗೆ (ಆ್ಯಕ್ಟ್) ಅಷ್ಟು ವೇಗ ಸಾಕಾಯಿತು.

ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳೋದಿಲ್ಲ, ಹಾಕಲೇಬೇಕು. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ ಇದು 500ರ ಹತ್ತಿರ ಓದುತ್ತದೆ. ಮೊದಲು ಪಾತ್ರಗಳ ಬಟ್ಟೆ, ಮುಖ ಎಲ್ಲ ಮಾತು ಶುರುವಾದ ಮೇಲೆ ನಿಧಾನಕ್ಕೆ ಮೂಡುತ್ತಿದ್ದವು, ಈಗ ಮೊದಲೇ ತಯಾರಿರುತ್ತವೆ. ರ‍್ಯಾಮ್ 16 ಆದ ಮೇಲೆ ಆಗಾಗ ಆಗುತ್ತಿದ್ದ ಜರ್ಕ್ ಹೋಯಿತು. ಎರಡು ಸ್ಟಿಕ್ ಇದ್ದರೆ ಎರಡು ದಾರಿಯಲ್ಲಿ ಡೇಟಾ ಹೋಗುತ್ತದೆ, ಅದರ ಲಾಭ ಬೇರೆ.

ಸೆಟ್ಟಿಂಗ್ ಮುಟ್ಟಿದ್ದು ಇಷ್ಟೆಲ್ಲ ಆದ ಮೇಲೆ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಕಾರ್ಡಿನ ಹೊರೆ ಇಳಿಸುವ ತಂತ್ರಗಳಲ್ಲಿ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು, ನಮಗೆ ಸಿಗಲ್ಲ. ಎಎಂಡಿಯ ಎಫ್‌ಎಸ್‌ಆರ್ 2 ಮಾತ್ರ ಎನ್‌ವಿಡಿಯಾ ಕಾರ್ಡಿನಲ್ಲೂ ಓಡುತ್ತದೆ. 1080ಪಿ ಪರದೆಗೆ ಕ್ವಾಲಿಟಿ ಮೋಡ್ ಇಟ್ಟರೆ ಒಳಗೆ 720ಪಿಯಲ್ಲಿ ಚಿತ್ರ ತಯಾರಾಗಿ ದೊಡ್ಡದಾಗುತ್ತದೆ. ಸುಮ್ನೆ ರೆಸಲ್ಯೂಶನ್ ಇಳಿಸೋದಕ್ಕಿಂತ ಎಷ್ಟೋ ಸ್ಪಷ್ಟ, ಕೂದಲಿನ ಅಂಚು ಸ್ವಲ್ಪ ಮಿನುಗುತ್ತದೆ ಅಷ್ಟೇ. ಟೆಕ್ಸ್ಚರ್ ಮೀಡಿಯಂ, 4 ಜಿಬಿಗೆ ಅದು ಹಿಡಿಯುತ್ತದೆ. ನೆರಳು ಲೋ, ಗಾಡ್ ರೇಸ್ (ಬೆಳಕಿನ ಕಿರಣಗಳು) ಆಫ್, ಮಂಜು ಲೋ. ಕೊನೆಗೆ ಫ್ರೇಮ್ ಮಿತಿ 30. ಸರದಿ ಪ್ರಕಾರ ಆಡುವ ಆಟ ಇದು, ಗುಂಡು ಹಾರಿಸೋ ಅವಸರ ಇಲ್ಲ. 45ಕ್ಕೆ ಹೋಗಿ 22ಕ್ಕೆ ಬೀಳೋದಕ್ಕಿಂತ ಅಲುಗದ 30 ಕಣ್ಣಿಗೆ ಎಷ್ಟು ಹಿತ ಅಲ್ವಾ? ಬಿಸಿಯೂ ಕಡಿಮೆ. ಚಾರ್ಜರ್ ಹಾಕಿಯೇ ಆಡಿ, ಬ್ಯಾಟರಿ ಮೇಲೆ ಕಾರ್ಡು ಪೂರ್ತಿ ಶಕ್ತಿ ಕೊಡುವುದಿಲ್ಲ.

ಕಷ್ಟ ಬಂದಿದ್ದು ಮೂರನೇ ಅಂಕದಲ್ಲಿ. ಬಾಲ್ಡರ್ಸ್ ಗೇಟ್ ಪಟ್ಟಣದ ಒಳಗೆ ಕಾಲಿಟ್ಟರೆ ಬೀದಿ ತುಂಬಾ ಜನ, ಅವರ ಲೆಕ್ಕ ಇಡೋದು ಕಾರ್ಡಲ್ಲ, ಪ್ರೊಸೆಸರ್. ನಾಲ್ಕೇ ಕೋರ್ ಇರೋ ಪ್ರೊಸೆಸರ್ ಅಲ್ಲಿ ಬಳಲಿತು, ಫ್ರೇಮ್ 19ಕ್ಕೆ ಬಂತು. ಎಫ್‌ಎಸ್‌ಆರ್ ಅನ್ನು ಪರ್ಫಾರ್ಮೆನ್ಸ್ ಮೋಡಿಗೆ ಇಳಿಸಿದರೂ ಒಂದು ಫ್ರೇಮೂ ಏರಲಿಲ್ಲ, ಯಾಕೆಂದರೆ ಅದು ಕಾರ್ಡಿನ ಹೊರೆ ಮಾತ್ರ ಇಳಿಸುತ್ತದೆ. ಜನಜಂಗುಳಿಯ ಸೆಟ್ಟಿಂಗ್ ಆದ ಡೈನಾಮಿಕ್ ಕ್ರೌಡ್ಸ್ ಆಫ್ ಮಾಡಿದೆ, ಪವರ್ ಆಪ್ಷನ್‌ನಲ್ಲಿ 99 ಇದ್ದದ್ದನ್ನು ಮತ್ತೆ 100 ಮಾಡಿ ಟರ್ಬೊ ವಾಪಸ್ ತಂದೆ. ಧೂಳು ತೆಗೆದಿದ್ದರಿಂದಲೇ ಅಷ್ಟು ಬಿಸಿ ತಡೆಯಲು ಆಯಿತು. 24ರಿಂದ 27ರ ನಡುವೆ ನಿಂತಿತು, ಅದರಲ್ಲೇ ಆಡಿದೆ.

ಸೆಪ್ಟೆಂಬರ್‌ನಲ್ಲಿ ಗಣಪತಿ ಹಬ್ಬದ ರಜೆಯಲ್ಲಿ ಆಟ ಮುಗಿಯಿತು. ಈಗ ಅದೇ ಸೆಟ್ಟಿಂಗ್‌ನಲ್ಲಿ ತಂಗಿ ತನ್ನ ಪಾತ್ರ ಕಟ್ಟಿಕೊಂಡು ಶುರು ಮಾಡಿದ್ದಾಳೆ. ಬೇಸಿಗೆಗೆ ಮುಂಚೆ ಇನ್ನೊಂದು ಸಲ ಬಿಚ್ಚಿ ಧೂಳು ತೆಗೆಯಬೇಕು, ಅಮ್ಮನ ಹತ್ತಿರ ಕಾವಲಿ ಕೇಳಿ ಇಟ್ಟಿದ್ದೇನೆ.