ಆ ಫೋಟೊ ಎಷ್ಟು ಜನ ನೋಡಬೇಕು? ಸೇನಾ ಕಾನೂನಿನ ಒಳಗಿಂದ ನನ್ನ ಅನುಭವ

ನಮ್ಮ ಸೇನಾ ಕಾಯ್ದೆ 1950ರದ್ದು. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿ ಫೋಟೊ ಹಂಚಿದವರಿಗೆ ಅಂತಲೇ ಅದರಲ್ಲಿ ಬೇರೆ ಕಲಂ ಇಲ್ಲ. ಅಮೆರಿಕದವರು 2017ರ ಡಿಸೆಂಬರ್‌ನಲ್ಲಿ ತಮ್ಮ ಮಿಲಿಟರಿ ಸಂಹಿತೆಗೆ 117ಎ ಎಂಬ ಕಲಂ ಸೇರಿಸಿದರು. ಅದೂ ಸುಮ್ಮನೆ ಬರಲಿಲ್ಲ. ಆ ವರ್ಷದ ಮಾರ್ಚ್‌ನಲ್ಲಿ 'ಮರೀನ್ಸ್ ಯುನೈಟೆಡ್' ಎಂಬ ಫೇಸ್‌ಬುಕ್ ಗುಂಪಿನಲ್ಲಿ ಸೈನ್ಯದ ಹೆಣ್ಣುಮಕ್ಕಳ ನಗ್ನ ಚಿತ್ರಗಳು ಹರಿದಾಡುತ್ತಿದ್ದದ್ದು ಬಯಲಾಗಿತ್ತು, ಗುಂಪಿನಲ್ಲಿದ್ದವರು ಸುಮಾರು 30,000 ಜನ. ನಮ್ಮಲ್ಲಿ ಮಾತ್ರ ಹಳೆಯ ಕಲಮುಗಳನ್ನೇ ಜೋಡಿಸಿಕೊಂಡು ಕೆಲಸ ಮಾಡಬೇಕು. ಧಾರವಾಡದಲ್ಲಿ ಕಾನೂನು ಓದಿ, ಸೇನೆಯ ಕಾನೂನು ವಿಭಾಗವಾದ ಜ್ಯಾಗ್ ಬ್ರ್ಯಾಂಚ್ ಸೇರಿ, ಕಾಮಠಿಯ ಮಿಲಿಟರಿ ಕಾನೂನು ಸಂಸ್ಥೆಯಲ್ಲಿ ತರಬೇತಿ ಪಡೆದ ನನ್ನ ಮೇಜಿಗೆ ಇಂಥ ಫೈಲುಗಳು ಹೆಚ್ಚಾಗಿ ಬರುತ್ತಿದ್ದವು. ಹೆಂಗಸು ಅಂತ ಕಳಿಸುತ್ತಿದ್ದರೋ ಏನೋ, ನಾನು ಕೇಳಲಿಲ್ಲ.

ಕಾನೂನಿನ ಭಾಗ ಜನ ಅಂದುಕೊಳ್ಳುವಷ್ಟು ಕಷ್ಟದ್ದಲ್ಲ. ಕಲಂ 69 ಒಂದು ಬಾಗಿಲು. ದೇಶದ ಸಾಮಾನ್ಯ ಕಾನೂನಿನಲ್ಲಿ ಅಪರಾಧವಾದದ್ದನ್ನು ಸೈನಿಕ ಎಲ್ಲೇ ಮಾಡಿದರೂ ಅದು ಸೇನಾ ಕಾಯ್ದೆಯಡಿಯ ಅಪರಾಧವೂ ಆಗುತ್ತದೆ. ಹಾಗಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ (ಒಪ್ಪಿಗೆಯಿಲ್ಲದೆ ಖಾಸಗಿ ಭಾಗದ ಚಿತ್ರ ತೆಗೆಯುವುದು, ಪ್ರಕಟಿಸುವುದು, ಕಳಿಸುವುದು), 67ಎ (ಲೈಂಗಿಕ ಕ್ರಿಯೆಯ ಚಿತ್ರ ಹರಡುವುದು), ಮತ್ತು 2013ರಲ್ಲಿ ಐಪಿಸಿಗೆ ಸೇರಿ ಈಗ ಭಾರತೀಯ ನ್ಯಾಯ ಸಂಹಿತೆಯ 77 ಆಗಿರುವ ಕಲಂ (ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು, ಹಂಚುವುದು), ಇವೆಲ್ಲ ಆ ಬಾಗಿಲಿನಿಂದ ಒಳಗೆ ಬರುತ್ತವೆ. 66ಇಗೆ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ಮೀರದ ದಂಡ, ಇಲ್ಲವೆ ಎರಡೂ. 67ಎಗೆ ಮೊದಲ ಸಲವೇ ಐದು ವರ್ಷದವರೆಗೆ ಜೈಲು. "ಅವಳೇ ಕಳಿಸಿದ ಫೋಟೊ ಅಲ್ವಾ ಮೇಡಂ?" ಎಂಬ ಪ್ರಶ್ನೆ ಪ್ರತಿ ಪ್ರಕರಣದಲ್ಲೂ ಬರುತ್ತದೆ. ಉತ್ತರ 77ನೇ ಕಲಮಿನ ವಿವರಣೆಯಲ್ಲೇ ಇದೆ: ತೆಗೆಯಲು ಒಪ್ಪಿದ್ದು ಹಂಚಲು ಒಪ್ಪಿದಂತಲ್ಲ. ಇವುಗಳ ಜೊತೆಗೆ ಪರ್ಯಾಯ ಆರೋಪವಾಗಿ ಸೇನಾ ಕಾಯ್ದೆಯ ಕಲಂ 63 ಸೇರಿಸುತ್ತಿದ್ದೆ, ಅಂದರೆ ಸೇನೆಯ ಶಿಸ್ತಿಗೆ ಧಕ್ಕೆ ತರುವ ನಡತೆ. ಆರೋಪಿ ಅಧಿಕಾರಿಯೋ ಜೆಸಿಓವೋ (ಸುಬೇದಾರರಂಥ ಕಿರಿಯ ಅಧಿಕಾರಿ) ಆಗಿದ್ದರೆ ಕಲಂ 45, ಸ್ಥಾನಕ್ಕೆ ತಕ್ಕುದಲ್ಲದ ನಡತೆ. ಫೋಟೊದಲ್ಲಿ ಕಾಣುವುದು 66ಇ ಹೇಳುವ 'ಖಾಸಗಿ ಭಾಗ'ದ ವ್ಯಾಖ್ಯೆಗೆ ಕೂದಲೆಳೆಯಷ್ಟು ಕಡಿಮೆ ಬಿದ್ದರೂ ಆರೋಪಪಟ್ಟಿ ಪೂರ್ತಿ ಕುಸಿಯಬಾರದು ಅಂತ ಈ ಏರ್ಪಾಡು.

ನನ್ನ ಹೆಚ್ಚಿನ ಶಕ್ತಿ ಹೋಗುತ್ತಿದ್ದದ್ದು ಇನ್ನೊಂದು ಕಡೆ. ಸೈನ್ಯದಲ್ಲಿ ಯಾವ ಕಾಗದವೂ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ದೂರು ಕಂಪನಿ ಕಮಾಂಡರ್‌ಗೆ, ಅಲ್ಲಿಂದ ಅಡ್ಜುಟೆಂಟ್‌ಗೆ, ಯೂನಿಟ್ಟಿನ ಮುಖ್ಯಸ್ಥನಾದ ಸಿಓಗೆ, ಬ್ರಿಗೇಡ್‌ಗೆ, ಡಿವಿಜನ್‌ಗೆ. ಟೈಪ್ ಮಾಡುವ ಹೆಡ್ ಕ್ಲರ್ಕ್, ಲಕೋಟೆ ಒಯ್ಯುವ ಡಿಆರ್ ಬೇರೆ. ಲಗತ್ತು ಅಂತ ಫೋಟೊ ಸೇರಿಸಿಬಿಟ್ಟರೆ, ಹಂಚಿದ ಆರೋಪಿ ಮೂರು ಜನಕ್ಕೆ ತೋರಿಸಿದ್ದನ್ನು ನಮ್ಮ ಕಚೇರಿಗಳೇ ಮೂವತ್ತು ಜನಕ್ಕೆ ತೋರಿಸಿದಂತಾಗುತ್ತದೆ. ಅದರಲ್ಲಿ ಅರ್ಧ ಜನ ಆಕೆಗೆ ದಿನಾ ಎದುರಾಗುವವರು. ಕಂಟೋನ್ಮೆಂಟಿನಲ್ಲಿ ಸಿಎಸ್‌ಡಿ ಕ್ಯಾಂಟೀನು ಒಂದೇ, ಶಾಲೆಯ ಬಸ್ ನಿಲ್ದಾಣ ಒಂದೇ.

ಹಾಗಾಗಿ ದೂರು ಬಂತು ಎಂಬ ಫೋನು ಬಂದ ಕೂಡಲೇ ನಾನು ಹೇಳುತ್ತಿದ್ದ ಮೊದಲ ಮಾತು, "ಸರ್, ದಯವಿಟ್ಟು ಅದನ್ನು ನನಗೆ ಕಳಿಸಬೇಡಿ." ವಾಟ್ಸ್ಯಾಪಿನಲ್ಲಿ 'ನಿಮ್ಮ ಅಭಿಪ್ರಾಯಕ್ಕಾಗಿ' ಅಂತ ಫಾರ್ವರ್ಡ್ ಮಾಡುವ ಅಭ್ಯಾಸ ದೊಡ್ಡ ಹುದ್ದೆಯವರಿಗೂ ಇದೆ. ಕೆಟ್ಟ ಉದ್ದೇಶ ಇರುವುದಿಲ್ಲ, ನಿಜ. ಆದರೆ 66ಇ 'ಕಳಿಸುವುದು' ಎಂದಾಗ ಕಳಿಸಿದವನ ಹೆಗಲ ಮೇಲಿನ ನಕ್ಷತ್ರ ಎಣಿಸುವುದಿಲ್ಲ ಎಂದು ನೆನಪಿಸಿದರೆ ಎದುರಿನವರು ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಫೋನನ್ನು ಸಾಕ್ಷಿಗಳ ಎದುರು ಫ್ಲೈಟ್ ಮೋಡಿಗೆ ಹಾಕಿ, ಸೀಲು ಮಾಡಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಬರೆದಿಡಲು ಹೇಳುತ್ತಿದ್ದೆ. ಯೂನಿಟ್ಟಿನ ಚುರುಕು ಹುಡುಗನೊಬ್ಬ 'ಸ್ವಲ್ಪ ನೋಡ್ತೀನಿ ಸರ್' ಅಂತ ಗ್ಯಾಲರಿ ತೆರೆಯಬಾರದು.

"ನೋಡದೆ ಹೇಗೆ ತೀರ್ಮಾನ ಮಾಡಲಿ?" ಎಂದು ಸಿಓಗಳು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ನಾನು ರೂಢಿಸಿಕೊಂಡದ್ದು ಎರಡು ಹಾಳೆಗಳು. ಒಂದರಲ್ಲಿ ಪ್ರತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಅಂಕಿ-ಅಕ್ಷರಗಳ ಸಾಲು), ಗಾತ್ರ, ದಿನಾಂಕ. ಸಂತ್ರಸ್ತೆಯ ಫೋನಿನಲ್ಲಿದ್ದ ಮೂಲ ಮತ್ತು ಆರೋಪಿಯ ಫೋನಿನಿಂದ ಹೊರಟ ಪ್ರತಿ ಒಂದೇ ಅಂತ ತೋರಿಸಲು ಹ್ಯಾಶ್ ತಾಳೆಯಾದರೆ ಸಾಕು, ಚಿತ್ರ ತೆರೆಯಬೇಕಾಗಿಲ್ಲ. ಯಾರಾದರೂ ನಡುವೆ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಹ್ಯಾಶ್ ಬದಲಾಗುತ್ತದೆ, ಆಗ ತಜ್ಞರೊಬ್ಬರು ನೋಡಲೇಬೇಕು. ಇನ್ನೊಂದು ಹಾಳೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಬರೆದ ನಾಲ್ಕು ಸಾಲಿನ ಶುಷ್ಕ ವಿವರಣೆ: ಮುಖ ಕಾಣುತ್ತದೆಯೇ, ಕಲಮಿನಲ್ಲಿ ಹೇಳಿದ ಭಾಗ ಕಾಣುತ್ತದೆಯೇ, ಜಾಗ ಖಾಸಗಿಯೇ. ಫೈಲಿನ ಜೊತೆ ಮೇಲಕ್ಕೆ ಹೋಗುತ್ತಿದ್ದದ್ದು ಇವೆರಡೇ. ಸಾಕ್ಷ್ಯ ಕಾನೂನು ಸೇನೆಯ ನ್ಯಾಯಾಲಯವಾದ ಕೋರ್ಟ್ ಮಾರ್ಷಲ್‌ಗೂ ಅನ್ವಯಿಸುವುದರಿಂದ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಹೇಗೂ ಬೇಕು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 63ರ ನಮೂನೆಯಲ್ಲಿ ಹ್ಯಾಶ್ ತುಂಬಲು ಜಾಗವನ್ನೇ ಕೊಟ್ಟಿದ್ದಾರೆ, ಇದರಿಂದ ನನ್ನಂಥವರ ವಾದಕ್ಕೆ ಬಲ ಬಂತು.

ಎಲ್ಲಕ್ಕಿಂತ ತಲೆನೋವಿನ ಫೈಲು ಗಂಡಂದಿರ ದೂರು. ಹೆಂಡತಿಗೂ ಇನ್ನೊಬ್ಬ ಅಧಿಕಾರಿಗೂ ಸಂಬಂಧ ಇದೆ ಎಂದು ಸಿಓಗೆ ಪತ್ರ, ಜೊತೆಗೆ ಆಕೆಯ ಫೋನಿನಿಂದ ಎತ್ತಿಕೊಂಡ ಚಿತ್ರಗಳ ಬಣ್ಣದ ಪ್ರಿಂಟು, ಪ್ರತಿಗಳು ಮೂರು ಮೇಲಿನ ಕಚೇರಿಗಳಿಗೆ. ವ್ಯಭಿಚಾರದ ಕಲಮನ್ನು ಸುಪ್ರೀಂ ಕೋರ್ಟ್ 2018ರಲ್ಲಿ ರದ್ದು ಮಾಡಿತು. ಆದರೆ ಆ ತೀರ್ಪು ಸೇನಾ ಕಾಯ್ದೆಗಳಡಿಯ ಶಿಸ್ತು ಕ್ರಮಕ್ಕೆ ಅಡ್ಡಿಯಲ್ಲ ಎಂದು 2023ರ ಜನವರಿಯಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿದ್ದರಿಂದ ಇಂಥ ದೂರುಗಳನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ನನ್ನ ಅಭಿಪ್ರಾಯ ಅಂದೂ ಇಂದೂ ಒಂದೇ: ದೂರು ಕೊಡುವ ಹಕ್ಕು ಗಂಡನಿಗಿದೆ, ಹೆಂಡತಿಯ ಮೈಯನ್ನು ನಾಲ್ಕು ಕಚೇರಿಗೆ ಲಗತ್ತಿಸುವ ಹಕ್ಕಿಲ್ಲ. ಪತ್ರವನ್ನು ದಾಖಲು ಮಾಡಿ, ಪ್ರಿಂಟುಗಳನ್ನು ಅಂದೇ ಸೀಲು ಮಾಡಿಸಿ, ಉಳಿದ ಮೂರು ಕಚೇರಿಗಳಿಂದ ಪ್ರತಿಗಳನ್ನು ವಾಪಸು ತರಿಸುತ್ತಿದ್ದೆ. ಆ ಚಿತ್ರಗಳನ್ನು ಪಡೆದ ಬಗೆಯನ್ನೂ ತನಿಖೆಯ ವ್ಯಾಪ್ತಿಗೆ ಸೇರಿಸಿ ಎಂದು ಬರೆದಾಗ ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ.

ನಡೆದದ್ದೇನು ಎಂದು ತಿಳಿಯಲು ಸೇನೆ ಮೊದಲು ನಡೆಸುವ ವಿಚಾರಣೆ, ಅಂದರೆ ಕೋರ್ಟ್ ಆಫ್ ಎನ್‌ಕ್ವಯರಿಗೆ, ಸೇನಾ ನಿಯಮ 180 ಅಂತ ಒಂದಿದೆ. ವಿಚಾರಣೆಯಿಂದ ಯಾರ ಚಾರಿತ್ರ್ಯಕ್ಕೆ ಧಕ್ಕೆಯಾಗಬಹುದೋ ಆ ಸೈನಿಕನಿಗೆ ಉದ್ದಕ್ಕೂ ಹಾಜರಿದ್ದು, ಸಾಕ್ಷಿಗಳಿಗೆ ಪಾಟೀಸವಾಲು ಹಾಕುವ ಪೂರ್ಣ ಅವಕಾಶ ಕೊಡಬೇಕು. ಆರೋಪಿಯ ವಕೀಲರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಸಂತ್ರಸ್ತೆ ತಾನೂ ಸಮವಸ್ತ್ರದವಳಾಗಿದ್ದರೆ ಇದೇ ನಿಯಮ ಆಕೆಗೂ ಸಲ್ಲುತ್ತದೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅಲ್ಲಿ ಕೇಳುವ ಅರ್ಧ ಪ್ರಶ್ನೆಗಳು ಆಕೆಯ ಚಾರಿತ್ರ್ಯದ್ದೇ ಆಗಿರುವಾಗ ಆಕೆಯನ್ನು ಬರೀ ಸಾಕ್ಷಿಯಾಗಿ ಕರೆದು, ಹೇಳಿಕೆ ಬರೆಸಿಕೊಂಡು, ಹೊರಗೆ ಕೂರಿಸುವುದು ಹೇಗೆ? ನಾನು ಕಾನೂನು ಸಲಹೆ ಕೊಟ್ಟ ವಿಚಾರಣೆಗಳಲ್ಲಿ ಆಕೆಗೂ 180ರ ಅವಕಾಶ ಕೊಡಿ ಎಂದು ಮೊದಲ ದಿನವೇ ಬರೆದು ಕೊಡುತ್ತಿದ್ದೆ.

ಇನ್ನೊಂದು ಸಂಕಟ, ಈ ವಿಚಾರಣೆಯ ಹೇಳಿಕೆಗಳು ಕೋರ್ಟ್ ಮಾರ್ಷಲ್‌ನಲ್ಲಿ ಸಾಕ್ಷ್ಯವಾಗುವುದಿಲ್ಲ. ನಿಯಮ 23ರಡಿ ಸಮರಿ ಆಫ್ ಎವಿಡೆನ್ಸ್‌ನಲ್ಲಿ, ಅಂದರೆ ಕೋರ್ಟ್ ಮಾರ್ಷಲ್‌ಗೆ ಮುಂಚೆ ಸಾಕ್ಷ್ಯ ಬರೆದುಕೊಳ್ಳುವ ಹಂತದಲ್ಲಿ, ಮತ್ತೆ ಹೇಳಬೇಕು, ನ್ಯಾಯಾಲಯದಲ್ಲಿ ಮೂರನೇ ಸಲ. ಸಂಗತಿ ಆಗಲೇ ಸ್ಪಷ್ಟವಿದ್ದ ಕಡೆ ಕೋರ್ಟ್ ಆಫ್ ಎನ್‌ಕ್ವಯರಿ ಬಿಟ್ಟು ನೇರ ನಿಯಮ 22ರಡಿ ಸಿಓ ಎದುರು ನಡೆಯುವ ಆರೋಪದ ವಿಚಾರಣೆಗೆ ಹೋಗಿ ಎಂಬುದು ನನ್ನ ಸಲಹೆ. ಆಕೆಗೆ ಒಂದು ಸುತ್ತು ತಪ್ಪುತ್ತದೆ. ಬೇಗ ಮುಗಿಸೋಣ ಅಂತ ಸಮರಿ ಕೋರ್ಟ್ ಮಾರ್ಷಲ್ ಮಾಡಲು ಹೊರಟ ಸಿಓಗಳಿಗೆ ಕಲಂ 120 ತೋರಿಸಬೇಕಾಗುತ್ತಿತ್ತು, ತುರ್ತು ಕಾರಣವಿಲ್ಲದೆ 69ರ ಅಪರಾಧವನ್ನು ಮೇಲಿನವರನ್ನು ಕೇಳದೆ ಅವರೊಬ್ಬರೇ ಕೂತು ವಿಚಾರಿಸುವಂತಿಲ್ಲ.

ಪೊಲೀಸರಿಗೆ ಕೊಡಬೇಕೋ ನಾವೇ ಇಟ್ಟುಕೊಳ್ಳಬೇಕೋ ಎಂಬ ಆಯ್ಕೆ ಕಲಂ 125ರಲ್ಲಿದೆ. ಚಿತ್ರ ಯೂನಿಟ್ಟಿನ ಗುಂಪಿನೊಳಗೇ ಇದ್ದರೆ ಕೋರ್ಟ್ ಮಾರ್ಷಲ್ ವೇಗ, ಬಿಗಿ. ಸಮವಸ್ತ್ರ ಹೋಗುತ್ತದೆ ಎಂಬ ಭಯ ಜೈಲಿಗಿಂತ ದೊಡ್ಡದು. ಊರಿನ ಗೆಳೆಯರಿಗೋ ಜಾಲತಾಣಕ್ಕೋ ಹೋಗಿದ್ದರೆ ಪೊಲೀಸರೇ ಸರಿ, ನಾಗರಿಕರ ಮೇಲೆ ನಮ್ಮ ಕೈ ನಡೆಯದು. ಎರಡರಲ್ಲಿ ಯಾವುದಾದರೂ, ಚಿತ್ರ ತೆಗೆಸುವ ಕೆಲಸಕ್ಕೆ ಕಾಯುವಂತಿಲ್ಲ. 2021ರ ಐಟಿ ನಿಯಮಗಳು ಇಂಥ ದೂರಿಗೆ 24 ಗಂಟೆಯ ಗಡುವು ಹಾಕಿದ್ದವು, ದೂರನ್ನು ಆಕೆಯ ಕೈಯಿಂದಲೇ ಬರೆಸುತ್ತಿದ್ದೆ. 'ಸ್ಟಾಪ್ ಎನ್‌ಸಿಐಐ' ಎಂಬ ಉಚಿತ ಸೇವೆಯನ್ನೂ ತೋರಿಸುತ್ತಿದ್ದೆ. ಅದರಲ್ಲಿ ಚಿತ್ರ ಆಕೆಯ ಫೋನು ಬಿಟ್ಟು ಹೊರಡುವುದಿಲ್ಲ, ಹ್ಯಾಶ್ ಮಾತ್ರ ಹೋಗುತ್ತದೆ.

ಗಂಡಸರೂ ಬರುತ್ತಿದ್ದರು, ಬಹಳ ತಡವಾಗಿ. ವಿಡಿಯೊ ಕಾಲಿನಲ್ಲಿ ಸಿಕ್ಕಿಬಿದ್ದು ಹಣ ಕಟ್ಟುತ್ತಿದ್ದ ಜವಾನರು. ಹೇಳಿದರೆ ಗೂಢಚಾರಿಕೆಯ ಅನುಮಾನ ತಲೆಗೆ ಸುತ್ತಿಕೊಳ್ಳುತ್ತದೆ ಅಂತ ಹೆದರಿಕೆ, ಅದು ಸುಳ್ಳು ಹೆದರಿಕೆಯೂ ಅಲ್ಲ. ಭದ್ರತಾ ವಿಚಾರಣೆ ಆಗಿಯೇ ಆಗುತ್ತದೆ ಎಂದು ಮುಚ್ಚಿಡದೆ ಹೇಳಿ, ತಾನಾಗಿ ಬಂದು ಹೇಳಿದವನು ಎಂಬ ಮಾತು ಮೊದಲ ಕಾಗದದಲ್ಲೇ ದಾಖಲಾಗುವಂತೆ ನೋಡಿಕೊಳ್ಳುತ್ತಿದ್ದೆ. 77ನೇ ಕಲಂ ಇವರ ನೆರವಿಗೆ ಬರುವುದಿಲ್ಲ, ಅದರಲ್ಲಿ ಸಂತ್ರಸ್ತೆ ಹೆಣ್ಣೇ ಆಗಿರಬೇಕು. 66ಇ ಹೆಣ್ಣು ಗಂಡು ಅನ್ನುವುದಿಲ್ಲ.

ಈಗ ಬೆಂಗಳೂರಿನಲ್ಲಿ ವಕೀಲಿಕೆ ಮಾಡುತ್ತ ಇದೇ ಕೆಲಸದ ಇನ್ನೊಂದು ಮಗ್ಗುಲು ನೋಡುತ್ತಿದ್ದೇನೆ. ಶಿಕ್ಷೆಯಾದ ಮೇಲೂ ಒಂದು ಬಾಗಿಲು ತೆರೆದಿರುತ್ತದೆ: ನಿಯಮ 147ರ ಪ್ರಕಾರ ವಿಚಾರಣೆಗೆ ಒಳಗಾದವನು ಕೇಳಿದರೆ ಇಡೀ ನಡಾವಳಿಯ ಪ್ರತಿ ಅವನಿಗೆ ಕೊಡಬೇಕು. ಚಿತ್ರಗಳು ನಡಾವಳಿಗೆ ಲಗತ್ತಾಗಿ ಹೊಲಿದು ಹೋಗಿದ್ದರೆ, ಯಾವುದಕ್ಕೆ ಶಿಕ್ಷೆಯಾಯಿತೋ ಅದನ್ನೇ ಸರ್ಕಾರಿ ಮೊಹರು ಹಾಕಿ ಅವನ ಕೈಗೆ ಮರಳಿಸಿದಂತೆ. ಆದ್ದರಿಂದ ಕೋರ್ಟ್ ಮಾರ್ಷಲ್‌ಗೆ ಕಾನೂನು ಸಲಹೆ ಕೊಡುವ ಜಡ್ಜ್ ಅಡ್ವೊಕೇಟ್ ಮುಂದೆ ಆರಂಭದಲ್ಲೇ ಅರ್ಜಿ ಹಾಕುತ್ತೇನೆ: ಚಿತ್ರಗಳಿರುವ ಮಾಧ್ಯಮವನ್ನು ವಸ್ತು ಸಾಕ್ಷ್ಯವಾಗಿ ಬೇರೆಯೇ ಸೀಲಿನಲ್ಲಿಡಬೇಕು, ನಡಾವಳಿಯಲ್ಲಿ ಹ್ಯಾಶ್ ಮತ್ತು ವಿವರಣೆ ಮಾತ್ರ ಇರಬೇಕು, ತೀರ್ಪಿಗೆ ಮೇಲಧಿಕಾರಿಯ ಒಪ್ಪಿಗೆ, ಅಂದರೆ ಸ್ಥಿರೀಕರಣ, ಮುಗಿದು ಮೇಲ್ಮನವಿಗಳು ತೀರಿದ ಮೇಲೆ ಆ ಮಾಧ್ಯಮವನ್ನು ಸಂತ್ರಸ್ತೆಗೆ ತಿಳಿಸಿ ನಾಶ ಮಾಡಬೇಕು, ಮಾಡಿದ್ದಕ್ಕೆ ಇಬ್ಬರು ಅಧಿಕಾರಿಗಳ ಸಹಿ ಇರಬೇಕು.