ದಾವಣಗೆರೆ ಜೈಲಿನ ಮಾತನ್ನು ಜಿನೀವಾಕ್ಕೆ ಮುಟ್ಟಿಸುವುದು ಹೇಗೆ?

ಜಯದೇವ ವೃತ್ತದಲ್ಲಿ ಧರಣಿ ಮುಗಿದರೆ ಒಂದು ಮನವಿಪತ್ರ ಸಿದ್ಧವಾಗುತ್ತದೆ. ಜಿಲ್ಲಾಧಿಕಾರಿಗೆ ಒಂದು ಪ್ರತಿ, ಮುಖ್ಯಮಂತ್ರಿಗೆ ಒಂದು, ರಾಷ್ಟ್ರಪತಿಗೆ ಒಂದು. ಜೈಲಿನ ವಿಷಯವಾದರೆ ಕೆಲವರು 'ವಿಶ್ವಸಂಸ್ಥೆ, ಜಿನೀವಾ' ಎಂದು ಬರೆದು ನಾಲ್ಕನೆಯದನ್ನೂ ಅಂಚೆಗೆ ಹಾಕುತ್ತಾರೆ. ಆ ನಾಲ್ಕನೇ ಪ್ರತಿಗೆ ಉತ್ತರ ಬಂದಿದ್ದನ್ನು ನಾನು ನೋಡಿಲ್ಲ. ಬರೆದವರಿಗೆ ಕಾಳಜಿ ಇರಲಿಲ್ಲ ಅಂತಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕೆಲಸ ನಡೆಯುವುದು ಜಿನೀವಾದಲ್ಲಿ, ನಿಜ. ಆದರೆ ಆ ಮನೆಗೆ ಬಾಗಿಲು ಹಲವು, ಒಂದೊಂದು ಬಾಗಿಲಿನ ಅಳತೆಯೂ ಬೇರೆ. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಒಂದು ಉದಾಹರಣೆ ಹಿಡಿದುಕೊಂಡೇ ಹೋಗೋಣ. ಜಗಳೂರು ಕಡೆಯ ಕೂಲಿಯೊಬ್ಬನಿಗೆ ಜಾಮೀನು ಸಿಕ್ಕಿದೆ ಅಂದುಕೊಳ್ಳಿ. ಪಹಣಿ ಹಿಡಿದುಕೊಂಡು ಬಂದು ಶ್ಯೂರಿಟಿ ನಿಲ್ಲುವವರು ಯಾರೂ ಇಲ್ಲ. ಕೋರ್ಟು ಬಿಡಿ ಅಂದಿದೆ, ಆದರೂ ಆತ ಒಳಗೇ ಇದ್ದಾನೆ.

ಮೊದಲ ಹೆಜ್ಜೆ: ಬಾಗಿಲು ಆರಿಸಿ

ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ಹಾಗಾಗಿ ಆ ಒಪ್ಪಂದದ ಪಾಲನೆ ನೋಡುವ ಸಮಿತಿಯ ಬಾಗಿಲು ನಮಗೆ ಮುಚ್ಚಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದವನ್ನು 1979ರಲ್ಲೇ ಒಪ್ಪಿದ್ದೇವೆ. ಆದರೆ ವ್ಯಕ್ತಿಗಳ ದೂರಿಗೆ ಅವಕಾಶ ಕೊಡುವ ಅದರ ಐಚ್ಛಿಕ ಪ್ರೋಟೋಕಾಲ್ ಅನ್ನು ಒಪ್ಪಿಲ್ಲ. ಆದ್ದರಿಂದ ಒಬ್ಬ ಕೈದಿಯ ಹೆಸರಿನಲ್ಲಿ, ಈ ಒಪ್ಪಂದದ ಪಾಲನೆ ನೋಡುವ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಲು ಬರುವುದಿಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು. ದೇಶದ ಸರದಿ ಬಂದಾಗ ಸರ್ಕಾರದ ವರದಿಯ ಜೊತೆಗೆ ಸಂಘಟನೆಗಳೂ ಆ ಸಮಿತಿಗೆ ತಮ್ಮ ಪರ್ಯಾಯ ವರದಿ ಕಳಿಸಬಹುದು, ನಿಜ. ಆದರೆ ಭಾರತದ ಪರಿಶೀಲನೆ 1997ರಲ್ಲಿ ಆದದ್ದು, ಮತ್ತೆ ಆದದ್ದು 2024ರ ಜುಲೈನಲ್ಲಿ. ಅದೊಂದನ್ನೇ ನಂಬಿ ಕೂರಬೇಡಿ.

ಒಬ್ಬ ವ್ಯಕ್ತಿಯ ಬಂಧನವೇ ಕಾನೂನುಬಾಹಿರ ಅನ್ನುವ ಪ್ರಕರಣವಾದರೆ, ಮನಸೋ ಇಚ್ಛೆ ಬಂಧನಗಳ ಕುರಿತ ವಿಶ್ವಸಂಸ್ಥೆಯ ಕಾರ್ಯತಂಡಕ್ಕೆ ಬರೆಯಿರಿ. ಅವರದೇ ಪ್ರಶ್ನಾವಳಿ ಇದೆ, ಅದನ್ನು ತುಂಬಿ ಇಮೇಲ್ ಮಾಡಬೇಕು. ಹೊಡೆತ, ಹಿಂಸೆಯ ವಿಷಯವಾದರೆ ಚಿತ್ರಹಿಂಸೆ ಕುರಿತ ವಿಶೇಷ ವರದಿಗಾರರಿಗೆ ಬರೆಯಿರಿ. ದೇಶ ಒಪ್ಪಂದವನ್ನು ಒಪ್ಪಿರಲಿ ಬಿಡಲಿ, ಇವರಿಬ್ಬರಿಗೂ ಬರೆಯಬಹುದು.

ನೀತಿಯೇ ಬದಲಾಗಬೇಕು ಅನ್ನುವ ಸಂಘಟನೆಗಳು ಯುಪಿಆರ್‌ನಿಂದಲೇ ಶುರು ಮಾಡಬೇಕು. ಈ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ಯುಪಿಆರ್ ಅಂದರೆ ಪ್ರತಿ ದೇಶದ ಮಾನವ ಹಕ್ಕುಗಳ ದಾಖಲೆಯನ್ನು ಉಳಿದ ದೇಶಗಳು ಸರದಿಯಂತೆ ಪರಿಶೀಲಿಸುವ ವ್ಯವಸ್ಥೆ. ಭಾರತದ ಸರದಿ 2008, 2012, 2017 ಮತ್ತು 2022ರಲ್ಲಿ ಬಂತು. ಸಂಘಟನೆಗಳೂ ಇದಕ್ಕೆ ವರದಿ ಕಳಿಸಬಹುದು. ಸಭೆಗೆ ತಿಂಗಳುಗಳ ಮೊದಲೇ ಆ ವರದಿಯ ಕೊನೆ ದಿನ ಮುಗಿದಿರುತ್ತದೆ, ಆ ದಿನಾಂಕದ ಮೇಲೆ ಕಣ್ಣಿಡಿ.

ಒಂದು ಎಚ್ಚರಿಕೆ. ಕಾರಿನ ಮುಂದೆ 'ಮಾನವ ಹಕ್ಕು' ಬೋರ್ಡು, ಕೊರಳಿಗೆ ಗುರುತಿನ ಚೀಟಿ, ಗೋಡೆಗೆ ಪ್ರಮಾಣಪತ್ರ ಇವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಯುಪಿಆರ್‌ಗೆ ವರದಿ ಕಳಿಸಲು ವಿಶ್ವಸಂಸ್ಥೆಯ ಮಾನ್ಯತೆಯೂ ಬೇಡ, ಶುಲ್ಕವೂ ಇಲ್ಲ.

ಎರಡನೇ ಹೆಜ್ಜೆ: ಲೆಕ್ಕ ತನ್ನಿ

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ವಾಪಸ್ ಬರುತ್ತದೆ. ಜೈಲಿನ ಸಾಮರ್ಥ್ಯಕ್ಕೆ ಒಂದು, ವೈದ್ಯರ ಭೇಟಿಗೆ ಒಂದು, ಜಾಮೀನು ಸಿಕ್ಕೂ ಬಿಡುಗಡೆಯಾಗದವರ ಸಂಖ್ಯೆಗೆ ಒಂದು, ಹೀಗೆ ಬೇರೆ ಬೇರೆ ಅರ್ಜಿ ಕೊಡಿ. 'ಏಕೆ' ಅಂತ ಕೇಳಬೇಡಿ, 'ಎಷ್ಟು' ಅಂತ ಕೇಳಿ.

ಮೂರನೇ ಹೆಜ್ಜೆ: ಒಪ್ಪಿಗೆ

ಕೈದಿಯ ಹೆಸರು, ಊರು, ಕೇಸಿನ ನಂಬರು ಯಾವುದನ್ನೂ ಆತನ ಸ್ಪಷ್ಟ ಒಪ್ಪಿಗೆ ಇಲ್ಲದೆ ಬರೆಯಬೇಡಿ. ವರದಿ ಜಿನೀವಾದಲ್ಲಿರುತ್ತದೆ, ಆತ ಬ್ಯಾರಕ್ಕಿನಲ್ಲೇ ಇರುತ್ತಾನೆ. ಮುಲಾಖತ್‌ಗೆ ಬರುವ ಹೆಂಡತಿ ಒಪ್ಪಿದ್ದಾಳೆ ಅಂದರೂ ಆತನನ್ನೇ ಕೇಳಬೇಕು. ಅನುಮಾನ ಇದ್ದರೆ ಹೆಸರು ಬಿಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಬರೆಯುವುದು

ಕೆಲಸ ಕೆಡುವುದೇ ಇಲ್ಲಿ. ಯುಪಿಆರ್‌ಗೆ ಒಂದು ಸಂಘಟನೆ ಕಳಿಸುವ ವರದಿಗೆ ಮಿತಿ 2,815 ಪದ, ಹಲವರು ಸೇರಿ ಬರೆದರೆ 5,630. ದೇಶದ ಎಲ್ಲ ಸಂಘಟನೆಗಳು ಕಳಿಸಿದ್ದನ್ನೂ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿ ಸುಮಾರು 10 ಪುಟಕ್ಕೆ ಇಳಿಸುತ್ತದೆ. ನಿಮ್ಮ ವರದಿಯಿಂದ ಅಲ್ಲಿ ಉಳಿಯುವುದು ಒಂದೆರಡು ಸಾಲು. ಎತ್ತಿಕೊಳ್ಳಲು ಬರುವ ಆ ಸಾಲನ್ನು ನೀವೇ ಬರೆದಿಡಬೇಕು.

'ನಮ್ಮ ಜೈಲುಗಳಲ್ಲಿ ಬಡ ಕೈದಿಗಳ ಮೇಲೆ ಘೋರ ಅನ್ಯಾಯ ನಡೆಯುತ್ತಿದೆ, ಕೂಡಲೇ ಮಧ್ಯಪ್ರವೇಶಿಸಬೇಕು.' ಇಂಥ ಸಾಲನ್ನು ಎಷ್ಟೋ ಕರಡುಗಳಲ್ಲಿ ನೋಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ. ಆದರೆ ಹಿಡಿದುಕೊಳ್ಳಲು ಏನೂ ಇಲ್ಲ, ಅಲ್ವಾ? ಇದನ್ನು ನಾಲ್ಕು ತುಂಡು ಮಾಡಿ.

ಮೊದಲು ಸಂಗತಿ. ಇಂಥ ದಿನಾಂಕದ ಮಾಹಿತಿ ಹಕ್ಕಿನ ಉತ್ತರದಂತೆ ಎರಡು ಜಿಲ್ಲೆಗಳ ಜೈಲಿನಲ್ಲಿ ಜಾಮೀನು ಸಿಕ್ಕೂ ಒಂದು ತಿಂಗಳು ಮೀರಿ ಉಳಿದವರು ಇಷ್ಟು ಜನ. ಅದರ ಪಕ್ಕದಲ್ಲಿ ದೇಶದ ಲೆಕ್ಕ ಇಡಿ. 2022ರ ಅಂತ್ಯಕ್ಕೆ ಭಾರತದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಇದು ಸರ್ಕಾರದ್ದೇ ಅಂಕಿಅಂಶ, ಅಲ್ಲಗಳೆಯಲು ಬರುವುದಿಲ್ಲ.

ಆಮೇಲೆ ನಿಯಮ. ವಿಚಾರಣೆಗೆ ಕಾಯುವವರನ್ನು ಬಂಧನದಲ್ಲಿಡುವುದೇ ರೂಢಿಯಾಗಬಾರದು ಎಂದು ನಾಗರಿಕ ಹಕ್ಕುಗಳ ಒಪ್ಪಂದದ 9ನೇ ವಿಧಿ ಹೇಳುತ್ತದೆ. ಜೈಲಿನ ಒಳಗಿನ ಬದುಕಿನ ಬಗ್ಗೆಯಾದರೆ 2015ರ ನೆಲ್ಸನ್ ಮಂಡೇಲಾ ನಿಯಮಗಳು, ಅಂದರೆ ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆಯ ಕನಿಷ್ಠ ನಿಯಮಗಳು. ಊಟ ಮತ್ತು ಕುಡಿಯುವ ನೀರಿಗೆ 22ನೇ ನಿಯಮ, ಚಿಕಿತ್ಸೆಗೆ 24, ಮನೆಯವರ ಭೇಟಿಗೆ 58. ಮಹಿಳಾ ಕೈದಿಗಳಿಗೆ 2010ರ ಬ್ಯಾಂಕಾಕ್ ನಿಯಮಗಳೇ ಇವೆ. ಹತ್ತು ನಿಯಮ ಉದುರಿಸಬೇಡಿ. ಒಂದು ಸಂಗತಿಗೆ ಒಂದು ನಿಯಮ ಸಾಕು.

ಮೂರನೆಯದು, ನಮ್ಮಲ್ಲೇ ಏನು ಆದೇಶವಿದೆ ಅನ್ನುವುದು. ಜಾಮೀನು ಸಿಕ್ಕ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಹೇಳಿದೆ. ಇದನ್ನು ಬರೆದರೆ ನೀವು ಹೊಸದೇನನ್ನೂ ಬೇಡುತ್ತಿಲ್ಲ, ಇರುವುದನ್ನೇ ನಡೆಸಿ ಅನ್ನುತ್ತಿದ್ದೀರಿ ಎಂದು ಓದುವವರಿಗೆ ಗೊತ್ತಾಗುತ್ತದೆ.

ಕೊನೆಗೆ ಬೇಡಿಕೆ. ಇದರಲ್ಲಿ 'ದಾವಣಗೆರೆ' ಎಂದು ಬರೆಯಬೇಡಿ. ನಮ್ಮವರಿಗೆ ಇದು ಕಷ್ಟವಾಗುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಆ ಸಭೆಯಲ್ಲಿ ಉತ್ತರ ಕೊಡುವುದು ಭಾರತ ಸರ್ಕಾರ, ಪ್ರಶ್ನೆ ಕೇಳುವುದು ಬೇರೆ ದೇಶದ ರಾಯಭಾರಿ. ಒಂದೊಂದು ದೇಶಕ್ಕೆ ಸಿಗುವುದು ಒಂದೆರಡು ನಿಮಿಷ. ಆತ ಒಂದು ಜಿಲ್ಲೆಯ ಜೈಲಿನ ಹೆಸರು ಎತ್ತುವುದಿಲ್ಲ. ಊರು ಪುರಾವೆಯಲ್ಲಿರಲಿ, ಬೇಡಿಕೆ ದೇಶದ್ದಾಗಿರಲಿ: 'ಜಾಮೀನು ಸಿಕ್ಕು ಒಂದು ತಿಂಗಳಾದರೂ ಬಿಡುಗಡೆಯಾಗದವರ ಸಂಖ್ಯೆಯನ್ನು ಎಲ್ಲ ರಾಜ್ಯಗಳೂ ಜಿಲ್ಲಾವಾರು ಮೂರು ತಿಂಗಳಿಗೊಮ್ಮೆ ಪ್ರಕಟಿಸುವಂತೆ ಮಾಡಬೇಕು.' ಯಾರು, ಏನು, ಯಾವಾಗ, ಮೂರೂ ಇದರಲ್ಲಿವೆ. ಆಗಿದೆಯೋ ಇಲ್ಲವೋ ಎಂದು ಆಮೇಲೆ ಎಣಿಸಬಹುದು.

ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಮೊಬೈಲಿನ ಅನುವಾದ ಆ್ಯಪ್ ನಂಬಿ ಹಾಗೇ ಕಳಿಸಬೇಡಿ. ಒಂದು ಕರಡಿನಲ್ಲಿ 'ವಿಚಾರಣಾಧೀನ ಕೈದಿ' ಅನ್ನುವುದು ಶಿಕ್ಷೆಯಾದವನು ಎಂಬ ಅರ್ಥಕ್ಕೆ ತಿರುಗಿದ್ದನ್ನು ನಾನು ನೋಡಿದ್ದೇನೆ. ವಾದವೇ ತಲೆಕೆಳಗಾಗಿತ್ತು. ಒಬ್ಬ ವಕೀಲರ ಕೈಯಲ್ಲಿ ಓದಿಸಿ. ಬೇರೆ ಸಂಘಟನೆಯ ಹಳೇ ವರದಿಯ ಅಂಕಿ ಬದಲಿಸಿ ಕಳಿಸುವ ಅಡ್ಡದಾರಿಯೂ ಬೇಡ. ಇಂಥವನ್ನೇ ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಐದನೇ ಹೆಜ್ಜೆ: ಕಳಿಸುವುದು

ಹೈಕಮಿಷನರ್ ಕಚೇರಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಿ, ರಸೀದಿ ಉಳಿಸಿಕೊಳ್ಳಿ. ವರದಿಯನ್ನು ಒಂದೇ ಪುಟಕ್ಕೆ ಇಳಿಸಿ ದೆಹಲಿಯ ರಾಯಭಾರ ಕಚೇರಿಗಳಿಗೆ ಸಭೆಗೆ ಮೊದಲೇ ಇಮೇಲ್ ಮಾಡಿ.

ಆರನೇ ಹೆಜ್ಜೆ: ಊರಿಗೆ ವಾಪಸ್ ತನ್ನಿ

ಜಿನೀವಾಕ್ಕೆ ಕಳಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಂಡು ಸುಮ್ನೆ ಕೂರುವವರೇ ಜಾಸ್ತಿ. 2022ರ ಯುಪಿಆರ್‌ನಲ್ಲಿ ಬೇರೆ ದೇಶಗಳಿಂದ ಭಾರತಕ್ಕೆ 339 ಶಿಫಾರಸುಗಳು ಬಂದವು. ಅದರಲ್ಲಿ 221ನ್ನು ಸರ್ಕಾರ ಒಪ್ಪಿತು. ಒಪ್ಪಿದ ಪಟ್ಟಿಯಲ್ಲಿ ನಿಮ್ಮ ವಿಷಯಕ್ಕೆ ಹತ್ತಿರವಾದದ್ದನ್ನು ಕನ್ನಡಕ್ಕೆ ತಂದು ಮುದ್ರಿಸಿ. ಜೈಲು ರಾಜ್ಯದ ವಿಷಯ. ಹಾಗಾಗಿ ಆ ಹಾಳೆ ಹೋಗಬೇಕಾದದ್ದು ಶಾಸಕರಿಗೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ಮುಖ್ಯವಾಗಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನರ ಪರಿಶೀಲನಾ ಸಮಿತಿಗೆ. ಜಿಲ್ಲಾಧಿಕಾರಿ, ಎಸ್‌ಪಿ, ಜೈಲಿನ ಅಧಿಕಾರಿ ಎಲ್ಲರೂ ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಾರೆ.

ಅಲ್ಲಿಗೆ ಹೋಗುವಾಗ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆಯ ಪ್ರತಿಯೂ ಕೈಯಲ್ಲಿರಲಿ. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾಧೀನರಿಗೆ ನೆರವು ಕೊಡಲು ಅದರಲ್ಲಿ ಅವಕಾಶವಿದೆ. ನಮ್ಮ ಉದಾಹರಣೆಯ ಕೂಲಿಯವನಿಗೆ ಮುಂದಿನ ಯುಪಿಆರ್‌ವರೆಗೆ ಕಾಯುವ ಶಕ್ತಿ ಇಲ್ಲ. ಆತನ ಅರ್ಜಿ ಇವತ್ತೇ ಹೋಗಲಿ.

ಆರು ತಿಂಗಳು ಬಿಟ್ಟು ಅದೇ 150 ಪದದ ಅರ್ಜಿಯನ್ನು ಒಂದಕ್ಷರವೂ ಬದಲಿಸದೆ ಮತ್ತೆ ಹಾಕಿ. ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಮುಂದಿನ ವರದಿಯ ಮೊದಲ ಪುಟ ಸಿದ್ಧ.